ಆತ್ಮಜ್ಞಾನ, ಆತ್ಮಪ್ರೀತಿ, ಆತ್ಮತ್ಯಾಗ: ಮೈಸೂರು ಸೀಮೆಯ ಒಬ್ಬ ಪಾದ್ರಿಯ ಬದುಕಿನ ಹಿನ್ನೆಲೆಯಲ್ಲಿ

ಕ್ರೈಸ್ತ ಜೀವನಕ್ಕೆ ಆಧಾರವೆಂದು ಎಣಿಸಲಾದ ಎರಡು ವಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ತೊಡಕು ಕೂಡಲೇ ಕಾಣುತ್ತದೆ. ಮನುಷ್ಯನು ತನ್ನನ್ನು ಎಷ್ಟರಮಟ್ಟಿಗೆ ಪ್ರೀತಿಸಿಕೊಳ್ಳುವನೋ ಅಷ್ಟರಮಟ್ಟಿಗೆ ನೆರೆಯವನನ್ನೂ ಪ್ರೀತಿಸತಕ್ಕದ್ದೆಂಬುದು ಮೊದಲನೆಯ ವಿಧಿ. ಯೇಸುವಿನ ಶಿಷ್ಯನಾಗಲು ಬಯಸುವವನು ತನ್ನನ್ನು ಅಲ್ಲಗಳೆದು ಶಿಲುಬೆಗೆ ಹೆಗಲು ಕೊಡತಕ್ಕದ್ದೆಂಬುದು ಎರಡನೆಯದು. ತನ್ನನ್ನೇ ಅಲ್ಲಗಳೆಯಬೇಕಾದವನಿಗೆ ತನ್ನ ಮೇಲಣ ಪ್ರೀತಿಯೇ ಅಳತೆಗೋಲಾಗುವುದು ಹೇಗೆ? ಈ ಪ್ರಶ್ನೆಯನ್ನು ಆ ಮತದ ಆಚಾರ್ಯರು ಸಾವಿರಾರು ವರ್ಷಗಳಿಂದ ವಿಚಾರಿಸುತ್ತ ಬಂದಿದ್ದಾರೆ. ನಾವು ಮತಶಾಸ್ತ್ರಜ್ಞರಲ್ಲ, ಇತಿಹಾಸದ ವಿದ್ಯಾರ್ಥಿಗಳು. ಆದುದರಿಂದ ಸಿದ್ಧಾಂತವನ್ನು ಬೇಕಾದಷ್ಟು ಮಾತ್ರ ಹೇಳಿ, ಅದು ಒಂದು ಬದುಕಿನಲ್ಲಿ ಹೇಗೆ ನಡೆಯಿತು, ಎಲ್ಲಿ ತಡೆಯಿತು ಎಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ. ನಾವು ಆಯ್ದುಕೊಂಡಿರುವ ಬದುಕು ನಮ್ಮ ನಗರಕ್ಕೂ ಶ್ರೀರಂಗಪಟ್ಟಣಕ್ಕೂ ಹತ್ತಿರವಾದದ್ದು. ಅದು ಅಬ್ಬೆ ದುಬಾಯ್ ಎಂದು ನಮ್ಮವರು ಕರೆಯುವ ಫ್ರೆಂಚ್ ಪಾದ್ರಿ ಜಾನ್ ಆಂತ್ವಾನ್ ದ್ಯುಬ್ವಾ ಅವರದು.

ಮೊದಲು ಶಬ್ದದ ವಿಷಯವನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡದಲ್ಲಿ 'ಆತ್ಮಜ್ಞಾನ' ಎಂದೊಡನೆ ಕೇಳುವವರ ಮನಸ್ಸು ವೇದಾಂತದ ಕಡೆಗೆ ತಿರುಗುತ್ತದೆ. ಅಲ್ಲಿ ಅರಿಯಬೇಕಾದ ಆತ್ಮವು ದೇಹ, ಮನಸ್ಸು, ಅಹಂಕಾರಗಳಿಗೆ ಸಾಕ್ಷಿಯಾಗಿ ನಿಂತ ನಿತ್ಯವಸ್ತು. ಅರಿತವನಿಗೆ ಅರಿವೇ ಬಿಡುಗಡೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಮಾಡುವ ಉಪದೇಶದ ತಾತ್ಪರ್ಯದಂತೆ ಪತಿ, ಪುತ್ರ, ವಿತ್ತಗಳ ಮೇಲಿನ ಪ್ರೀತಿಯೆಲ್ಲವೂ ಕೊನೆಗೆ ಆತ್ಮಕ್ಕಾಗಿಯೇ ಹುಟ್ಟಿದ ಪ್ರೀತಿ. ಕ್ರೈಸ್ತರು ಹೇಳುವ ಆತ್ಮಜ್ಞಾನ ಇದಲ್ಲ. ಅದು ತಾನು ಸೃಷ್ಟನಾದವನು, ತಪ್ಪುವವನು, ತನ್ನ ತಪ್ಪನ್ನು ತನ್ನಿಂದಲೇ ಮರೆಮಾಡಿಕೊಳ್ಳುವವನು ಎಂಬ ಅರಿವು. ಅದರಿಂದಲೇ ಬಿಡುಗಡೆಯಾಗುವುದಿಲ್ಲ, ಬಿಡುಗಡೆಯನ್ನು ಬೇಡುವಂತಾಗುತ್ತದೆ. ಅದೇ 'ಆತ್ಮ' ಶಬ್ದವನ್ನು ಕನ್ನಡ ಕ್ರೈಸ್ತರು 'ಪವಿತ್ರಾತ್ಮ' ಎಂಬಲ್ಲಿಯೂ ಬಳಸುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಆದುದರಿಂದ ಇಲ್ಲಿ 'ಆತ್ಮ' ಎಂದರೆ 'ತಾನು' ಎಂಬಷ್ಟೇ ಅರ್ಥವನ್ನು ವಾಚಕರು ಇಟ್ಟುಕೊಳ್ಳಬೇಕು. ನಮ್ಮ ನಾಡಿನಲ್ಲಿ ಈ ಅರ್ಥದ ಆತ್ಮನಿರೀಕ್ಷಣೆಗೆ ಹತ್ತಿರವಾದದ್ದನ್ನು ಹುಡುಕುವವರು ಉಪನಿಷತ್ತುಗಳಿಗಿಂತ ಹೆಚ್ಚಾಗಿ ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೂ ಹರಿದಾಸರ ಪದಗಳಿಗೂ ಹೋಗಬೇಕಾದೀತು. ತನ್ನ ಮನಸ್ಸಿನ ಡಾಂಭಿಕತೆಯನ್ನು ತಾನೇ ಬಯಲಿಗೆಳೆಯುವ ಧಾಟಿ ಅಲ್ಲಿ ಧಾರಾಳವಾಗಿದೆ.

ಇನ್ನು ಆ ತೊಡಕಿಗೆ ಪಶ್ಚಿಮದ ಆಚಾರ್ಯರು ಕಂಡುಕೊಂಡ ಉತ್ತರ. ಐದನೆಯ ಶತಮಾನದಲ್ಲಿ ಸಂತ ಅಗಸ್ತೀನರು ಮಾನವಕುಲವನ್ನೆಲ್ಲ ಎರಡು ಪ್ರೀತಿಗಳ ಮೇಲೆ ಕಟ್ಟಿದ ಎರಡು ಪಟ್ಟಣಗಳಾಗಿ ವಿಂಗಡಿಸಿದರು: ದೇವರನ್ನು ಕಡೆಗಣಿಸುವಷ್ಟು ಬೆಳೆದ ಆತ್ಮಪ್ರೀತಿ ಒಂದರ ಅಡಿಗಲ್ಲು, ತನ್ನನ್ನು ಕಡೆಗಣಿಸುವಷ್ಟು ಬೆಳೆದ ದೈವಪ್ರೀತಿ ಇನ್ನೊಂದರದು. ಇಷ್ಟನ್ನೇ ಓದಿದವರು ಆತ್ಮಪ್ರೀತಿಯೆಲ್ಲವೂ ಪಾಪವೆಂದು ತಿಳಿದಾರು. ಆದರೆ ಹನ್ನೆರಡನೆಯ ಶತಮಾನದಲ್ಲಿ, ಎಂದರೆ ನಮ್ಮ ಬಸವಣ್ಣನವರ ಹಿರಿಯ ಸಮಕಾಲೀನರಾಗಿ ಬಾಳಿದ ಕ್ಲೆರ್ವೋ ಮಠದ ಸಂತ ಬರ್ನಾರ್ಡರು (1090–1153) ಪ್ರೀತಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಮನುಷ್ಯನು ಮೊದಲು ತನ್ನನ್ನು ತನಗಾಗಿ ಪ್ರೀತಿಸುತ್ತಾನೆ. ಬಳಿಕ ದೇವರನ್ನು ತನಗಾಗಿ. ಬಳಿಕ ದೇವರನ್ನು ದೇವರಿಗಾಗಿ. ಇಲ್ಲಿಗೇ ಮುಗಿಯಿತೆಂದು ನಾವು ಎಣಿಸುತ್ತೇವೆ, ಆದರೆ ಬರ್ನಾರ್ಡರು ಎಣಿಸಲಿಲ್ಲ. ನಾಲ್ಕನೆಯದಾಗಿ, ತನ್ನನ್ನು ದೇವರಿಗಾಗಿ ಪ್ರೀತಿಸುವುದು. ಎಂದರೆ ಆತ್ಮತ್ಯಾಗದ ತುದಿಯಲ್ಲಿ ಮತ್ತೆ ಆತ್ಮಪ್ರೀತಿಯೇ ಇದೆ. ಅದು ಶುದ್ಧವಾಗಿ ಬಂದಿದೆ. ಇದೇ ಬರ್ನಾರ್ಡರು ವಿನಯಕ್ಕೆ ಕೊಟ್ಟ ಲಕ್ಷಣವೂ ಆತ್ಮಜ್ಞಾನವೇ: ತನ್ನ ನಿಜವಾದ ಸ್ಥಿತಿಯನ್ನು ಕಂಡು ತನ್ನ ಕಣ್ಣಿಗೆ ತಾನೇ ಅಲ್ಪನಾಗುವುದು. ಪ್ರೊಟೆಸ್ಟೆಂಟರ ಪೈಕಿ ಕಾಲ್ವಿನ್ನನೂ ತನ್ನ ಮಹಾಗ್ರಂಥವನ್ನು ದೇವರ ಜ್ಞಾನ, ತನ್ನ ಜ್ಞಾನ ಇವೆರಡರ ಅಗಲಿಸಲಾಗದ ಸಂಬಂಧದಿಂದಲೇ ಆರಂಭಿಸುತ್ತಾನೆ.

ಇದನ್ನು ಅಭ್ಯಾಸಕ್ಕೆ ಇಳಿಸಿದವರಲ್ಲಿ ಯೇಸುಸಭೆಯ ಸ್ಥಾಪಕರಾದ ಲೊಯೋಲದ ಇಗ್ನೇಷಿಯಸ್ ಮುಖ್ಯರು. 1548ರಲ್ಲಿ ಅಚ್ಚಾದ ಅವರ ಸಾಧನಾಗ್ರಂಥದಲ್ಲಿ ದಿನಕ್ಕೆ ಎರಡು ಹೊತ್ತು ತನ್ನ ನಡತೆಯನ್ನು ತಾನೇ ವಿಚಾರಿಸಿಕೊಂಡು, ಒಂದು ನಿರ್ದಿಷ್ಟ ದೋಷ ಎಷ್ಟು ಬಾರಿ ಮರುಕಳಿಸಿತೆಂದು ಕಾಗದದ ಮೇಲೆ ಗೆರೆ ಎಳೆದು ಚುಕ್ಕೆ ಇಡುವ ಕ್ರಮವನ್ನು ವಿಧಿಸಿದ್ದಾರೆ. ನಮ್ಮ ಸೀಮೆಯ ಶಾನುಭೋಗರು ಲೆಕ್ಕವಿಟ್ಟಂತೆ ತನ್ನ ಮನಸ್ಸಿನ ಲೆಕ್ಕವನ್ನು ಇಡುವ ಈ ಪದ್ಧತಿಯನ್ನು ಕನ್ನಡ ಕಥೋಲಿಕರು ಇಂದಿಗೂ ಆತ್ಮಶೋಧನೆ ಎನ್ನುತ್ತಾರೆ.

ಈ ಪದ್ಧತಿಯಲ್ಲಿ ಪಳಗಿದವರು ಮೈಸೂರು ರಾಜ್ಯಕ್ಕೆ ಬಂದದ್ದು ಹದಿನೇಳನೆಯ ಶತಮಾನದ ನಡುವೆ. ಮದುರೆಯಲ್ಲಿ ರಾಬರ್ಟೊ ಡಿ ನೊಬಿಲಿ (1577–1656) ಸನ್ಯಾಸಿಯ ವೇಷ, ಸಸ್ಯಾಹಾರಗಳನ್ನು ಅವಲಂಬಿಸಿ ನಡೆಸಿದ್ದ ಪ್ರಯೋಗವನ್ನು ಅನುಸರಿಸಿ, ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಪಾದ್ರಿ 1648–49ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಕನ್ನಡವನ್ನು ಕಲಿತು ವ್ಯಾಕರಣ, ನಿಘಂಟುಗಳ ಕೆಲಸಕ್ಕೂ ಕೈಹಾಕಿದರು. ನೊಬಿಲಿಯವರ ಕ್ರಮ ಸರಿಯೆ ತಪ್ಪೆ ಎಂಬ ಬಗ್ಗೆ ಅವರ ಸಭೆಯೊಳಗೇ ದೊಡ್ಡ ಜಗಳವೆದ್ದು, 1623ರಲ್ಲಿ ಪೋಪರು ಕೆಲವು ಷರತ್ತುಗಳೊಡನೆ ಒಪ್ಪಿಗೆ ಕೊಟ್ಟಿದ್ದರು. ಆ ಜಗಳದ ವಿವರ ಇಲ್ಲಿ ಬೇಕಿಲ್ಲ. ಆದರೆ ಅದರಲ್ಲಿ ಯಾರೂ ನೇರವಾಗಿ ಕೇಳದ ಒಂದು ಪ್ರಶ್ನೆ ನಮ್ಮ ವಿಷಯಕ್ಕೆ ಬಹಳ ಸಂಬಂಧಪಟ್ಟದ್ದು. ಮಾಂಸ ಮದ್ಯಗಳನ್ನು ಬಿಡುವುದು ರೋಮಿನಲ್ಲಿಯೋ ಪ್ಯಾರಿಸಿನಲ್ಲಿಯೋ ಕಷ್ಟ. ಬಿಟ್ಟವನಿಗೆ ಅಲ್ಲಿ ಹೊಗಳಿಕೆಯೂ ಅಷ್ಟಾಗಿ ಇಲ್ಲ. ಶ್ರೀರಂಗಪಟ್ಟಣದಲ್ಲಿಯಾದರೋ ಅದೇ ತ್ಯಾಗದಿಂದ ಮರ್ಯಾದೆ ಬರುತ್ತದೆ, ಜನ ಎದ್ದು ನಿಲ್ಲುತ್ತಾರೆ. ಉಪವಾಸವನ್ನು ಜನರಿಗೆ ಕಾಣುವಂತೆ ಮಾಡಬಾರದೆಂದು ಯೇಸುವೇ ಶಿಷ್ಯರನ್ನು ಎಚ್ಚರಿಸಿದ್ದುಂಟು. ತ್ಯಾಗಕ್ಕೇ ಗೌರವ ಸಲ್ಲುವ ನಾಡಿನಲ್ಲಿ ತ್ಯಾಗಿಯ ಆತ್ಮಪ್ರೀತಿ ಎಲ್ಲಿ ಅಡಗಿ ಕುಳಿತಿರುತ್ತದೆ ಎಂಬುದನ್ನು ಕಂಡುಹಿಡಿಯುವುದು ಸುಲಭವಲ್ಲ.

ಈಗ ದುಬಾಯ್ ಅವರ ಚರಿತ್ರೆ. ಫ್ರಾನ್ಸಿನ ದಕ್ಷಿಣಭಾಗದ ಆರ್ದೆಷ್ ಪ್ರಾಂತದಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಭಾರತಕ್ಕೆ ಬಂದರು. ಮಹಾಕ್ರಾಂತಿಯ ಗುಂಡಿನ ಸಾಲಿನಿಂದ ತಪ್ಪಿಸಿಕೊಂಡು ಬಂದವರೆಂದು, ಮುಂದೆ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿದ್ದಾರೆ. ಆದರೆ ಅವರು ಹೊರಟದ್ದು 1792ರಲ್ಲಿ. ಗುಂಡಿನ ಸಾಲುಗಳ ಕಾಲ ಅದಕ್ಕೂ ಒಂದು ವರ್ಷದ ಈಚಿನದು. ಈ ಕಥೆ ಹೇಗೆ ಹುಟ್ಟಿತೋ, ಯಾರೂ ಅದನ್ನು ತಿದ್ದಲಿಲ್ಲವೆಂಬುದು ಮಾತ್ರ ನಿಜ. ಮೊದಲು ಪುದುಚೇರಿಯ ಕಡೆಯ ದಕ್ಷಿಣ ಪ್ರಾಂತಗಳಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದರು. 1784ರಲ್ಲಿ ಟಿಪ್ಪುಸುಲ್ತಾನನು ಕೆನರಾದಿಂದ ಹಿಡಿದು ತಂದಿದ್ದ ಕ್ರೈಸ್ತರಲ್ಲಿ ಉಳಿದವರು ಆಗಷ್ಟೇ ಬಿಡುಗಡೆ ಹೊಂದಿದ್ದರು. ಬಲಾತ್ಕಾರದಿಂದ ಮತ ಬದಲಿಸಿದ್ದವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುವುದು ಅವರ ಮೊದಲ ಕೆಲಸವಾಯಿತು. ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರನ್ನು ನೆನಪಿಗೆ ತರುತ್ತದೆ.

ಅವರು ಈ ದೇಶದವರ ಉಡುಪನ್ನೇ ಉಟ್ಟರು, ಇಲ್ಲಿಯವರಂತೆ ಉಂಡರು, ಇಲ್ಲಿಯವರ ನಡೆನುಡಿಗಳನ್ನು, ಬೇಕಾದಲ್ಲಿ ಅವರ ಪೂರ್ವಗ್ರಹಗಳ ಹೊರಚಹರೆಯನ್ನೂ, ಅಳವಡಿಸಿಕೊಂಡರು. ಇದನ್ನು ಅವರು ಮುಚ್ಚಿಡದೆ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅವರ ಭಾವಚಿತ್ರದಲ್ಲಿಯೂ ಈ ನಾಡಿನ ವೇಷವೇ ಇದೆ. ಇಂದಿನ ಹಾಸನ ಜಿಲ್ಲೆಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ಒಕ್ಕಲನ್ನು ನಿಲ್ಲಿಸಿದರು. ಸಿಡುಬಿಗೆ ದೇವಿ ಹಾಕುವ ಕ್ರಮ ಭಾರತಕ್ಕೆ ಬಂದದ್ದು 1802ರಲ್ಲಿ, ಮುಂಬಯಿಯ ದಾರಿಯಾಗಿ. 1803–04ರಲ್ಲಿ ದುಬಾಯ್ ಅವರು ಅದನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿ, ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ಹಾಕಿಸಿ ಲೆಕ್ಕ ಬರೆಸಿದರು. ಆಗಿನ ಕಾಲದಲ್ಲಿ ಔಷಧವನ್ನು ಸೀಸೆಯಲ್ಲಿಟ್ಟು ಒಯ್ಯುವಂತಿರಲಿಲ್ಲ. ಒಬ್ಬನ ತೋಳಿನ ಬೊಬ್ಬೆಯಿಂದ ರಸವನ್ನು ತೆಗೆದು ಇನ್ನೊಬ್ಬನ ತೋಳಿಗೆ ಹಚ್ಚುತ್ತ ಸರಪಳಿ ಕಡಿಯದಂತೆ ಊರಿಂದೂರಿಗೆ ನಡೆಯಬೇಕಾಗಿತ್ತು. ಮಾರಿಯಮ್ಮನ ಕೋಪಕ್ಕೆ ಹೆದರುವ, ಅನ್ಯಜಾತಿಯವನ ಮೈರಸಕ್ಕೆ ಹೇಸುವ ಜನರನ್ನು ಒಪ್ಪಿಸುವುದು ಎಷ್ಟು ಸಹನೆಯ ಕೆಲಸವೆಂಬುದನ್ನು ಊಹಿಸಬಹುದು. ಈ ಕೆಲಸದಲ್ಲಿ ಅವರಿಗೆ ಒಬ್ಬನೂ ಕ್ರೈಸ್ತನಾಗಿ ಸಿಗಬೇಕಾಗಿರಲಿಲ್ಲ. ಆತ್ಮತ್ಯಾಗವೆಂಬ ಮಾತನ್ನು ಅವರ ವಿಷಯದಲ್ಲಿ ನಾವು ಹಿಂಜರಿಯದೆ ಬಳಸಬಹುದಾದದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಅವರು ಲೋಕಕ್ಕೆ ಪರಿಚಿತರಾದದ್ದು ಮಾತ್ರ ಬೇರೆ ಕಾರಣದಿಂದ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಒಂದು ಹಸ್ತಪ್ರತಿಯನ್ನು ಅವರು ವಿಲ್ಕ್ಸರಿಗೆ ಕೊಟ್ಟರು. ಅದು ಮದರಾಸಿನ ಗವರ್ನರ್ ಬೆಂಟಿಂಕರಿಗೆ ಮೆಚ್ಚಿಕೆಯಾಗಿ, 1807ರಲ್ಲಿ ಕಂಪನಿ ಸರ್ಕಾರ 2,000 ಪಗೋಡ ಕೊಟ್ಟು ಕೊಂಡುಕೊಂಡಿತು. 1816ರ ಸುಮಾರಿಗೆ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಬಂದಿತು. ತಿದ್ದಿ ಬೆಳೆಸಿದ ಫ್ರೆಂಚ್ ಗ್ರಂಥ 1825ರಲ್ಲಿ ಪ್ಯಾರಿಸಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಅದರಿಂದ ಬೋಷಾಂಪ್ ಮಾಡಿದ 1897ರ ಅನುವಾದವನ್ನೇ ನಮ್ಮ ವಿದ್ಯಾರ್ಥಿಗಳು ಇಂದಿಗೂ ಓದುವುದು. ನೂರೈವತ್ತು ವರ್ಷಕ್ಕೂ ಮಿಕ್ಕಿ ಈ ಗ್ರಂಥವನ್ನು, ಮೈಸೂರಿನ ಹಳ್ಳಿಗಳಲ್ಲಿ ಜನರೊಡನೆ ಜನರಾಗಿ ಬಾಳಿದ ಒಬ್ಬನು ಕಣ್ಣಾರೆ ಕಂಡು ಬರೆದದ್ದೆಂದು ಎಲ್ಲರೂ ನಂಬಿದ್ದರು.

ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯುರ್ ಈ ನಂಬಿಕೆಯನ್ನು ಕದಲಿಸಿದರು. ಲಂಡನ್ನಿನ ಸಂಗ್ರಹದಲ್ಲಿದ್ದ ಒಂದು ಹಸ್ತಪ್ರತಿಯನ್ನು ಹೋಲಿಸಿ ನೋಡಿ, 1987ರಲ್ಲಿ ಎರಡು ಸಂಪುಟಗಳಲ್ಲಿ ಅವರು ಪ್ರಕಟಿಸಿದ ಅಧ್ಯಯನದಿಂದ ಸಿದ್ಧವಾದದ್ದೇನೆಂದರೆ, ದುಬಾಯ್ ಅವರ ಗ್ರಂಥದ ಬಹುಭಾಗ ಪುದುಚೇರಿಯಲ್ಲಿ 1779ರಲ್ಲಿ ತೀರಿಕೊಂಡ ಯೇಸುಸಭೆಯ ಪಾದ್ರಿ ಕೂರ್ದೂ ಅವರ ಬರಹವನ್ನು ಆಧರಿಸಿದ್ದು. ಆ ಬರಹವನ್ನು 1777ರಲ್ಲಿ ದೆವೋ ಎಂಬ ಸೇನಾಧಿಕಾರಿ ಸಂಗ್ರಹಿಸಿ ಅಳವಡಿಸಿದ್ದ ಪ್ರತಿಯೇ ಲಂಡನ್ನಿನಲ್ಲಿ ಉಳಿದಿತ್ತು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ ಕಂಡಿದ್ದ ಪಂಡಿತರು ಕೂರ್ದೂ. 1773ರಲ್ಲಿ ಯೇಸುಸಭೆ ರದ್ದಾದಾಗ ಅವರ ಮಿಷನ್ನು ವಿದೇಶ ಮಿಷನ್ ಸಂಸ್ಥೆಯ ಕೈಸೇರಿತು. ಕಾಗದಪತ್ರಗಳೂ ಆ ದಾರಿಯಲ್ಲಿಯೇ ದುಬಾಯ್ ಅವರಿಗೆ ದೊರೆತಿರುವುದು ಸಂಭವ. ಗ್ರಂಥದಲ್ಲಿ ಕೂರ್ದೂ ಅವರ ಋಣವನ್ನು ಒಪ್ಪಿಕೊಂಡ ಮಾತಿಲ್ಲ.

ಈ ವಿಷಯದಲ್ಲಿ ನ್ಯಾಯ ಹೇಳುವವರು ಆತುರಪಡಬಾರದು. ಹಳೆಯ ಕಾಲದ ಮಿಷನರಿಗಳು ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಎತ್ತಿಕೊಳ್ಳುವುದನ್ನು ಕಳವೆಂದು ಎಣಿಸುತ್ತಿರಲಿಲ್ಲ. ಅದು ಸಭೆಯ ಸಾಮಾನ್ಯ ಆಸ್ತಿ. ದುಬಾಯ್ ಅವರು ಮೈಸೂರಿನ ತಮ್ಮ ಅನುಭವದಿಂದ ಸೇರಿಸಿದ್ದೂ ಉಂಟು. ಆದರೂ ನಮ್ಮ ವಿಷಯಕ್ಕೆ ಇದು ತೀರ ಮುಖ್ಯವಾದ ಸಂಗತಿ. ಊಟ, ಉಡುಪು, ದೇಶ, ಬಂಧುಬಳಗ ಎಲ್ಲವನ್ನೂ ಬಿಟ್ಟವನಿಗೆ ಒಂದು ಪುಸ್ತಕದ ಮೇಲಿನ ಹೆಸರನ್ನು ಬಿಡುವುದಾಗಲಿಲ್ಲ. ದೊಡ್ಡ ತ್ಯಾಗವನ್ನು ಮಾಡಿದವನಿಗೆ ಸಣ್ಣದು ಸಿಕ್ಕಿಕೊಂಡಿತೆಂದು ಕೆಲವರು ನಗಬಹುದು. ಸಣ್ಣದು, ದೊಡ್ಡದು ಎಂಬ ಈ ಲೆಕ್ಕವೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹದಿನೇಳನೆಯ ಶತಮಾನದ ಫ್ರೆಂಚ್ ನೀತಿಬೋಧಕರು, ಅವರಲ್ಲಿಯೂ ಪಾಸ್ಕಲ್ ಮೊದಲಾದವರು, ಇಂತಹ ಸ್ವಾಭಿಮಾನದ ಪ್ರೀತಿಯನ್ನು ಸಾಮಾನ್ಯವಾದ ಪ್ರಾಣಪ್ರೀತಿಯಿಂದ ಬೇರ್ಪಡಿಸಿ, ಅದು ವೇಷ ಬದಲಿಸುವ ಬಗೆಗಳನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದರು. ಅದಕ್ಕೆ ಅವರ ಭಾಷೆಯಲ್ಲಿ ಒಂದು ಪ್ರತ್ಯೇಕ ಹೆಸರೇ ಇತ್ತು. ಅದೇ ನಾಡಿನ ಸೆಮಿನರಿಯಲ್ಲಿ ಕಲಿತವರಿಗೆ ಈ ಪಾಠ ಹೊಸದೇನಲ್ಲ. ಅನ್ನವನ್ನು ಬಿಡುವವನು ಬಿಡುವುದನ್ನು ತಾನೇ ಕಾಣುತ್ತಾನೆ. ಹೆಸರನ್ನು ಹಿಡಿದವನಿಗೆ ಹಿಡಿದಿರುವುದು ಕಾಣುವುದೇ ಇಲ್ಲ.

1823ರ ಜನವರಿಯಲ್ಲಿ ದುಬಾಯ್ ಅವರು ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ಪಿಂಚಣಿಯನ್ನು ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಹೊರಬಂದವು. ಮಿಷನರಿ ಸಾಹಿತ್ಯದಲ್ಲಿ ಇಷ್ಟು ಕಹಿಯಾದ ಪುಸ್ತಕ ಅಪರೂಪ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಪಾದ್ರಿಯ ನೆರವಿನಿಂದ, ತಾವು ಕ್ರೈಸ್ತಮತಕ್ಕೆ ತಂದವರು ಗಂಡು ಹೆಣ್ಣು ಸೇರಿ ಇನ್ನೂರು ಮುನ್ನೂರರ ನಡುವೆ ಎಂದೂ, ಅವರಲ್ಲಿ ಹೆಚ್ಚಿನವರು ಹೊಟ್ಟೆಗಿಲ್ಲದೆ ಬಂದವರೆಂದೂ, ನಿಜವಾದ ನಂಬಿಕೆಯಿಂದ ಬಂದವರು ವಿರಳವೆಂದೂ ಅವರು ಬರೆದರು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂಬುದು ಅವರ ತೀರ್ಮಾನ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದ ಪ್ರೊಟೆಸ್ಟೆಂಟ್ ಪಾದ್ರಿಗಳು ಮರುವರ್ಷವೇ ಖಂಡನೆ ಬರೆದರು.

ಇದನ್ನು ಆತ್ಮಜ್ಞಾನವೆನ್ನಬಹುದೆ? ಒಂದು ಮಟ್ಟಿಗೆ ಎನ್ನಲೇಬೇಕು. ತನ್ನ ಬದುಕಿನ ಗುರಿಯೇ ಕೈಗೂಡಲಿಲ್ಲವೆಂದು ಅಂಕಿಗಳೊಡನೆ ಬಹಿರಂಗವಾಗಿ ಹೇಳುವುದು ಎಲ್ಲರಿಗೂ ಸಾಧ್ಯವಲ್ಲ. ಸನ್ಯಾಸಿಯ ವೇಷಕ್ಕೆ ಈ ನಾಡಿನಲ್ಲಿ ಗೌರವವಿತ್ತು. ಸೋಲನ್ನು ಒಪ್ಪಿಕೊಂಡುದಕ್ಕೆ ಗೌರವ ಕೊಡುವವರು ಪ್ಯಾರಿಸಿನಲ್ಲಿಯೂ ಇರಲಿಲ್ಲ, ಲಂಡನ್ನಿನಲ್ಲಿಯೂ ಇರಲಿಲ್ಲ. ಈ ದೃಷ್ಟಿಯಿಂದ ಅವರು ಉಟ್ಟ ಬಟ್ಟೆಗಿಂತ ಬರೆದ ಪತ್ರಗಳೇ ಹೆಚ್ಚಿನ ಆತ್ಮನಿರಾಕರಣೆ. ಆದರೆ ಪತ್ರಗಳನ್ನು ನಿಧಾನವಾಗಿ ಓದಿದರೆ, ಸೋಲಿನ ಕಾರಣವನ್ನು ಅವರು ಎಲ್ಲೆಲ್ಲಿ ಹುಡುಕುತ್ತಾರೆಂಬುದು ಕಾಣುತ್ತದೆ: ಹಿಂದೂಗಳ ಜಡತೆಯಲ್ಲಿ, ಜಾತಿಯಲ್ಲಿ, ಯೂರೋಪಿಯನ್ನರ ಕೆಟ್ಟ ನಡತೆಯಲ್ಲಿ, ಕೊನೆಗೆ ದೇವರ ಗೂಢ ಸಂಕಲ್ಪದಲ್ಲಿ. ತಮ್ಮಲ್ಲಿ ಹುಡುಕಿದ್ದು ಕಡಿಮೆ. ಲೆಕ್ಕ ಸರಿಯಾಗಿದೆ, ಆದರೆ ಚುಕ್ಕೆಗಳು ಬಹುಮಟ್ಟಿಗೆ ಇತರರ ಗೆರೆಯ ಮೇಲೆ ಬಿದ್ದಿವೆ.

ಇದಕ್ಕಿಂತ ಹೆಚ್ಚು ನೋವಾಗುವ ಒಂದು ಮಾತು ಆ ಪುಸ್ತಕದಲ್ಲಿದೆ. ಟಿಪ್ಪುವಿನ ಸೆರೆಗೆ ಸಿಕ್ಕಿದ ಸಾವಿರಾರು ಕ್ರೈಸ್ತರಲ್ಲಿ ಒಬ್ಬನಾದರೂ ಮತಕ್ಕಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವೆಂದು ಅವರು ಹಳಿಯುತ್ತಾರೆ. ಹೆಂಡತಿ ಮಕ್ಕಳೊಡನೆ ಘಟ್ಟ ಹತ್ತಿಸಿ ತಂದ, ಪಾದ್ರಿಗಳಿಲ್ಲದೆ, ಪೂಜೆಯಿಲ್ಲದೆ ಹದಿನೈದು ವರ್ಷ ಕಳೆದ ಆ ಜನರಲ್ಲಿ ಅನೇಕರು 1799ರ ಬಳಿಕ ಮಂಗಳೂರಿಗೆ ಹಿಂದಿರುಗಿ ಚರ್ಚುಗಳನ್ನು ಮತ್ತೆ ಕಟ್ಟಿಕೊಂಡರೆಂಬುದು ಇತಿಹಾಸ. ನಂಬಿಕೆ ಸತ್ತಿದ್ದರೆ ಹಿಂದಿರುಗುತ್ತಿದ್ದವರು ಯಾರು? ತಾವೇ ಆರಿಸಿಕೊಂಡ ಕಷ್ಟವನ್ನು ಸಹಿಸಿದವರಿಗೆ, ಆರಿಸಿಕೊಳ್ಳದ ಕಷ್ಟದಲ್ಲಿ ಬಿದ್ದವರ ಸಹನೆ ಕಣ್ಣಿಗೆ ಬೀಳದೆ ಹೋಗುವುದುಂಟು. ಕ್ರಾಂತಿಯ ಘೋರ ದಿನಗಳು ಬರುವ ಮೊದಲೇ ಫ್ರಾನ್ಸನ್ನು ಬಿಟ್ಟಿದ್ದವರು ಈ ಮಾತನ್ನು ಬರೆಯುವಾಗ ಒಮ್ಮೆ ಲೇಖನಿಯನ್ನು ತಡೆದಿದ್ದರೆ ಚೆನ್ನಾಗಿತ್ತು. ಅವರು ಹೊರಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ; ಅಲ್ಲಿಯೇ ಉಳಿದು ಸಾಯಬೇಕಾಗಿತ್ತೆಂದು ಯಾರೂ ಅವರನ್ನು ಕೇಳಲಿಲ್ಲ. ಬರ್ನಾರ್ಡರ ನಾಲ್ಕನೆಯ ಮೆಟ್ಟಿಲಿನ ಅರ್ಥ ಇಂತಹ ಕಡೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ತನ್ನ ದೌರ್ಬಲ್ಯವನ್ನು ಅರಿತು, ಅದರೊಡನೆಯೇ ತನ್ನನ್ನು ಪ್ರೀತಿಸಿಕೊಳ್ಳಬಲ್ಲವನಿಗೆ ನೆರೆಯವನ ದೌರ್ಬಲ್ಯವೂ ಪ್ರೀತಿಗೆ ಅಡ್ಡಿಯಾಗುವುದಿಲ್ಲ. ಮೊದಲಲ್ಲಿ ಹೇಳಿದ ಎರಡು ವಿಧಿಗಳು ಕೂಡುವುದು ಆ ಸ್ಥಳದಲ್ಲಿ. ತನ್ನನ್ನು ಬರಿದೇ ದಂಡಿಸಿಕೊಂಡವನು ಅದೇ ದಂಡವನ್ನು ನೆರೆಯವನ ಮೇಲೂ ಎತ್ತುತ್ತಾನೆ.

ಆ ಪತ್ರದ ಲೆಕ್ಕದಲ್ಲಿ ಬರುವ ದೇಶೀಯ ಪಾದ್ರಿಯ ವಿಷಯವಾಗಿ ಒಂದು ಮಾತು. ಇನ್ನೂರು ಮುನ್ನೂರು ಜನರನ್ನು ಕರೆತರುವುದರಲ್ಲಿ, ಕರೆತಂದವರನ್ನು ಉಳಿಸಿಕೊಳ್ಳುವುದರಲ್ಲಿ ಅವರ ಪಾಲು ಎಷ್ಟೆಂಬುದು ಪತ್ರದಿಂದ ತಿಳಿಯುವುದಿಲ್ಲ. ಅವರು ಉಟ್ಟದ್ದು ತಮ್ಮ ಬಟ್ಟೆ, ಉಂಡದ್ದು ತಮ್ಮ ಊಟ. ಅದನ್ನು ತ್ಯಾಗವೆಂದು ಬರೆಯುವ ಸಂದರ್ಭವೇ ಬರಲಿಲ್ಲ. ಮಿಷನ್ ಚರಿತ್ರೆಗಳಲ್ಲಿ ಉಪದೇಶಿಗಳು, ಅಡಿಗೆಯವರು, ಭಾಷೆ ಕಲಿಸಿದ ಪಂಡಿತರು ಹೀಗೆಯೇ ಹೆಸರಿಲ್ಲದೆ ದಾಟಿಹೋಗುತ್ತಾರೆ. ಸಾತಳ್ಳಿ, ಗಂಜಾಮುಗಳಂತಹ ಹಳೆಯ ಕೇಂದ್ರಗಳಿಗೆ ಸಂಬಂಧಿಸಿದ ದಾಖಲೆಗಳನ್ನು ಈ ಕಣ್ಣಿನಿಂದ ನೋಡುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮನಸ್ಸು ಮಾಡಬೇಕು.

ಪ್ಯಾರಿಸಿಗೆ ಹಿಂದಿರುಗಿದ ದುಬಾಯ್ ಅವರು ತಮ್ಮ ಸಂಸ್ಥೆಯ ಸೆಮಿನರಿಯಲ್ಲಿ ತರುಣ ಪಾದ್ರಿಗಳನ್ನು ತಯಾರುಮಾಡುತ್ತ, 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದು, 1836ರಿಂದ 1839ರವರೆಗೆ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದು, 1848ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಗದ ಕೆಲಸವೆಂದು ತಾವೇ ಸಾರಿದ್ದ ಕೆಲಸಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜನರನ್ನು ಅಣಿಮಾಡುತ್ತಿದ್ದವರ ಮನಸ್ಸು ಏನಿತ್ತೋ, ಅದನ್ನು ಅವರು ಗ್ರಂಥವಾಗಿ ಬರೆಯಲಿಲ್ಲ. ಅವರ ಪ್ರಸಿದ್ಧ ಗ್ರಂಥವನ್ನು ಉಲ್ಲೇಖಿಸುವ ನಮ್ಮ ಸಂಶೋಧಕರು ಇನ್ನು ಮುಂದೆ ಕೂರ್ದೂ ಅವರ ಹೆಸರನ್ನೂ ಜೊತೆಗೆ ಸೇರಿಸುವುದು ನ್ಯಾಯ. ಅಷ್ಟೇ ಅಲ್ಲ, ಅದರಲ್ಲಿಯ ಯಾವ ಸಂಗತಿಯನ್ನಾದರೂ ಹತ್ತೊಂಬತ್ತನೆಯ ಶತಮಾನದ ಮೈಸೂರಿನದೆಂದು ಬಳಸುವ ಮೊದಲು ಅದು ಮ್ಯುರ್ ಪ್ರಕಟಿಸಿದ ಹಳೆಯ ಪಾಠದಲ್ಲಿ ಇದೆಯೆ ಇಲ್ಲವೆ ಎಂದು ನೋಡಿಕೊಳ್ಳಬೇಕು. ಅಲ್ಲಿ ಇದ್ದರೆ ಅದು ಹದಿನೆಂಟನೆಯ ಶತಮಾನದ, ಬಹುಶಃ ತೆಲುಗು ಸೀಮೆಯ ಸಂಗತಿ. ಇಲ್ಲದಿದ್ದರೆ ಮಾತ್ರ ಅದು ನಮ್ಮ ಪಾದ್ರಿಯವರು ಕಾವೇರಿಯ ದಂಡೆಯಲ್ಲಿ ಕಂಡು ಬರೆದದ್ದಿರಬಹುದು.